ಆಕಾನನ ಚೀಟಿ

ಮೈದಾ ಅಂಟು ತಳ ಹಿಡಿದರೆ ಒಂದು ವಾಸನೆ ಬರುತ್ತದೆ. ಸುಟ್ಟ ಗಂಜಿಯದೂ ಅಲ್ಲ, ಸುಟ್ಟ ಕಾಗದದ್ದೂ ಅಲ್ಲ, ಎರಡರ ನಡುವಿನದು. ಈ ಬೇಸಿಗೆಯಲ್ಲಿ ಮುಂಬಯಿಯ ಗೋರೆಗಾಂವಿನ ನಮ್ಮ ಅಡುಗೆಮನೆಯಲ್ಲಿ ಆ ವಾಸನೆ ಎದ್ದಿತು. ನಮ್ಮ ಕನ್ನಡ ಕ್ರೈಸ್ತ ಸಭೆಯ ಸಂಡೇಸ್ಕೂಲು ಈಗ ನನ್ನ ಕೈಯಲ್ಲಿದೆ. ರಜೆಯ ಶಿಬಿರದ ಮೂರನೆಯ ದಿನವೇ ಒಬ್ಬ ಹುಡುಗಿ ಖಾಲಿ ಬಾಟಲಿ ಎತ್ತಿ ತೋರಿಸಿ, "ಆಂಟಿ, ಗ್ಲೂ ಖತಮ್" ಅಂದಿದ್ದಳು. ಮರುದಿನ ಬೆಳಿಗ್ಗೆ ಅಂಗಡಿ ತೆರೆಯುವ ತನಕ ಕಾಯುವುದೇಕೆಂದು ಮೈದಾ ಕದಡಿ ಒಲೆಯ ಮೇಲಿಟ್ಟೆ. ಅಷ್ಟರಲ್ಲಿ ಫೋನ್ ಬಂತು, ಮಾತಾಡುತ್ತ ನಿಂತೆ, ಅಂಟು ತಳ ಹಿಡಿಯಿತು. ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕೋರು ನೆನಪಾದರು. ಅವರ ಹಿಂದೆಯೇ ಹೊಟ್ಟೆಯೊಳಗಿನ ಹಳೆಯ ಸಿಟ್ಟೂ ಎದ್ದು ಬಂತು…

ನಮ್ಮ ಹಿರಿಯರ ಊರುಗಳಾದ ಗದಗ, ಧಾರವಾಡದ ಕಡೆ ಪಾಠ ಹೇಳುವ ಹೆಂಗಸರನ್ನು ಅಕ್ಕೋರು ಅನ್ನುತ್ತಾರೆ. ನಮ್ಮ ಸಂಡೇಸ್ಕೂಲಿನಲ್ಲಿ ಬೆಳೆದ ಅರ್ಧ ಜನಕ್ಕೆ ಅವರ ಹೆಸರೇ ಗೊತ್ತಿಲ್ಲ. ನನಗೆ ಗೊತ್ತು, ಆದರೆ ಬರೆಯುವುದಿಲ್ಲ. ಅವರ ಮೇಲೆ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಹಲ್ಲು ಮಸೆದಿದ್ದೇನೆ. ಕೊನೆಗೆ ಸೇಡು ತೀರಿಸಿಕೊಂಡೆ ಕೂಡ, ಇಡೀ ಸಭೆಯ ಎದುರು, ಕೈಯಲ್ಲಿ ಮೈಕ್ ಹಿಡಿದು. ಕ್ಷಮಿಸಬೇಕು ಎಂದು ಪ್ರತಿ ಭಾನುವಾರ ಮಕ್ಕಳಿಗೆ ಹೇಳಿಕೊಡುತ್ತೇನೆ. ಹೇಳುವಾಗ ಬಾಯಿ ಮಾತ್ರ ಆಡುತ್ತಿತ್ತು, ಒಳಗಿನದು ಅಲುಗಾಡುತ್ತಿರಲಿಲ್ಲ.

ಆಗ ನನಗೆ ಹತ್ತು ವರ್ಷ. ಅಪ್ಪ ಗ್ರಾಂಟ್ ರೋಡಿನ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದ. ನಾವು ಗೋರೆಗಾಂವಿನ ಚಾಳಿನಲ್ಲಿದ್ದೆವು: ಅಪ್ಪ, ಅವ್ವ, ನಾನು, ನನಗಿಂತ ನಾಲ್ಕು ವರ್ಷ ಚಿಕ್ಕವಳಾದ ತಂಗಿ. ಭಾನುವಾರ ಮಧ್ಯಾಹ್ನ ಊಟ ಮುಗಿಸಿ, ಇಸ್ತ್ರಿ ಮಾಡಿದ ಫ್ರಾಕ್ ಹಾಕಿಕೊಂಡು ಲೋಕಲ್ ರೈಲು ಹತ್ತಿ ಗ್ರಾಂಟ್ ರೋಡಿನಲ್ಲಿ ಇಳಿಯುತ್ತಿದ್ದೆವು. ಚರ್ಚು ಅಲ್ಲಿಂದ ನಡೆದು ಹೋಗುವಷ್ಟು ದೂರ. ಅದು ಮರಾಠಿ ಸಭೆಯವರ ಚರ್ಚು. ಬೆಳಿಗ್ಗೆ ಅವರ ಆರಾಧನೆ, ಮೂರು ಗಂಟೆಗೆ ನಮ್ಮದು. ನಾವು ಹೋಗುವ ಹೊತ್ತಿಗೆ ಬೆಂಚುಗಳ ಮೇಲೆ ಅವರ ಹಾಡಿನ ಪುಸ್ತಕಗಳು ಇನ್ನೂ ಬಿದ್ದಿರುತ್ತಿದ್ದವು. ದೊಡ್ಡವರು ಒಳಗೆ ಕೂತರೆ ಮಕ್ಕಳಾದ ನಮಗೆ ಹಿಂದಿನ ಪಡಸಾಲೆ. ಅಲ್ಲಿ ಅಕ್ಕೋರ ರಾಜ್ಯ.

ವಾರವೆಲ್ಲ ಅವರು ಮುನ್ಸಿಪಾಲ್ಟಿಯ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದರು. ಮದುವೆಯಾಗಿರಲಿಲ್ಲ. ಕಲ್ಯಾಣದಲ್ಲಿ ಅಣ್ಣನ ಮನೆಯಲ್ಲಿದ್ದರು. ಸಣಕಲು ಮೈ, ವಾಯಿಲ್ ಸೀರೆ, ಎರಡೂ ಹೆಗಲಿಗೆ ಒಂದೊಂದು ಬಟ್ಟೆಯ ಚೀಲ. ಒಂದು ಸಲ ಟಿವಿ ಪೆಟ್ಟಿಗೆಯ ರಟ್ಟಿನಿಂದ ಆರಡಿಯ ಗೊಲ್ಯಾತನನ್ನು ಮಾಡಿ, ಅವನನ್ನು ಮೂರು ಮಡಿಕೆ ಮಾಡಿ ಲೋಕಲಿನ ಲಗೇಜ್ ಡಬ್ಬಿಯಲ್ಲಿ ತಂದಿದ್ದರು. ಮೀನಿನ ಬುಟ್ಟಿಗಳ ನಡುವೆ ಕೂತು ಬಂದ ಗೊಲ್ಯಾತನ ಕಾಲಿಗೆ ಬೊಂಬಿಲ್ ಮೀನಿನ ವಾಸನೆ ಹತ್ತಿತ್ತು. ಕಾಲುಚೀಲ ಸುತ್ತಿ ಮಾಡಿದ ಚೆಂಡನ್ನು ಕವಣೆಯಲ್ಲಿ ಬೀಸಿ ಅವನ ಹಣೆಗೆ ಹೊಡೆಯುವುದು ನಮ್ಮ ಆಟ. ಹೊಡೆದವರು ಆ ದಿನ ದಾವೀದ.

ಅವರ ಬೈಬಲ್ ಪಾಠವೆಲ್ಲ ಹೀಗೆಯೇ. ದರ್ಜಿಯ ಅಂಗಡಿಯಿಂದ ತಂದ ಚಿಂದಿಗಳನ್ನು ಹೊಲಿದು ಯೋಸೇಫನ ಅಂಗಿ. ಐದು ಲೀಟರ್ ಎಣ್ಣೆಯ ಕ್ಯಾನಿಗೆ ಬಾಯಿ ಕೊಯ್ದು ಯೋನನನ್ನು ನುಂಗಿದ ಮೀನು. ಕಣ್ಣು ಮುಚ್ಚಿ ಅದರೊಳಗೆ ಕೈ ಹಾಕಿದರೆ ಒಳಗಿನಿಂದ ಯೋನ ಸಿಗಬೇಕು, ಸಿಗುವ ಮೊದಲು ಒದ್ದೆ ಸ್ಪಂಜು ಮುಟ್ಟಿ ಚೀರಬೇಕು. ಕಿಟಕಿಯ ಸರಳಿಗೆ ದಾರ ಕಟ್ಟಿ, ಎಳೆದರೆ ಮರ ಹತ್ತುವ ಗಿಡ್ಡ ಜಕ್ಕಾಯ. ಸಂಸೋನನಿಗೆ ಉಣ್ಣೆಯ ಕೂದಲು. ಅಂಟಿಸುವುದಕ್ಕೆ ಮೈದಾ ಅಂಟು. ಜಿರಳೆ ತಿನ್ನದಿರಲೆಂದು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕಿ, ಗಾಜಿನ ಬಾಟಲಿಯಲ್ಲಿ ತುಂಬಿ ತರುತ್ತಿದ್ದರು. ಬಹಳ ಸಲ ಅದು ತಳ ಹಿಡಿದಿರುತ್ತಿತ್ತು. ನಾನು ಅವರ ಬಲಗೈ. ಅಪ್ಪನ ಪ್ರೆಸ್ಸಿನಲ್ಲಿ ಕತ್ತರಿಸಿ ಉಳಿದ ಬಣ್ಣದ ಕಾಗದದ ಪಟ್ಟಿಗಳನ್ನು ಪ್ರತಿ ವಾರ ಕಟ್ಟು ಕಟ್ಟಿ ಒಯ್ದು ಕೊಡುತ್ತಿದ್ದೆ. ಬೀಗವಿಲ್ಲದ ಅವರ ಕಪಾಟಿನಲ್ಲಿ ಏನು ಎಲ್ಲಿದೆ ಅಂತ ನನಗೆ ಗೊತ್ತಿತ್ತು. "ನೀ ಇದ್ರ ನನಗ ಅರ್ಧಾ ಕೆಲಸ ಕಡಿಮಿ" ಅನ್ನುತ್ತಿದ್ದರು. ಅಷ್ಟಕ್ಕೇ ಉಬ್ಬುತ್ತಿದ್ದೆ.

ಒಂದು ಭಾನುವಾರ ಯೆರಿಕೋವಿನ ಗೋಡೆ ಬೀಳಿಸಿದೆವು. ಸೋಪಿನ ಖಾಲಿ ಪೆಟ್ಟಿಗೆಗಳನ್ನು ಎದೆಯೆತ್ತರಕ್ಕೆ ಪೇರಿಸಿ, ಏಳು ಸುತ್ತು ಸುತ್ತಿ, ಕಾಗದದ ತುತ್ತೂರಿ ಊದಿ, ಒಟ್ಟಿಗೆ ಕೂಗಿದೆವು. ಒಳಗೆ ಪ್ರಸಂಗ ಮಾಡುತ್ತಿದ್ದ ಪಾದ್ರಿಗಳು ಮಾತು ನಿಲ್ಲಿಸಬೇಕಾಯಿತಂತೆ. ಗದ್ದಲವೆಲ್ಲ ಮುಗಿದು ಸಾಮಾನು ಕಪಾಟಿಗೆ ಸೇರಿಸುವಾಗ ಅಕ್ಕೋರ ಕೈ ನಿಂತಿತು. ಇಪ್ಪತ್ನಾಲ್ಕು ಬಣ್ಣದ ಸ್ಕೆಚ್ ಪೆನ್ನಿನ ಡಬ್ಬಿ ಇರಲಿಲ್ಲ. ಸಭೆಯ ಯಾರದೋ ಮಗ ಗಲ್ಫಿನಿಂದ ತಂದು ಕೊಟ್ಟದ್ದು. ಬಂದು ಎರಡು ವಾರವೂ ಆಗಿರಲಿಲ್ಲ. ಅಂಥ ಡಬ್ಬಿಯನ್ನು ನಾವ್ಯಾರೂ ಅಂಗಡಿಯಲ್ಲಿ ಕೂಡ ನೋಡಿರಲಿಲ್ಲ. ಪಡಸಾಲೆಯನ್ನೆಲ್ಲ ಹುಡುಕಿದೆವು. ಅಕ್ಕೋರು ಯಾರನ್ನೂ ಬೈಯಲಿಲ್ಲ. "ಹೋಗ್ಲಿ ಬಿಡ್ರಿ, ಮುಂದಿನ ವಾರ ನೋಡೂಣು" ಅಂದರು.

ಮುಂದಿನ ವಾರದ ಪಾಠ ಆಕಾನ. ಕತೆ ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಯೆರಿಕೋ ಬಿದ್ದ ಮೇಲೆ ಅಲ್ಲಿನ ಯಾವ ವಸ್ತುವನ್ನೂ ಮುಟ್ಟಬಾರದೆಂದು ಅಪ್ಪಣೆ ಇತ್ತು. ಆಕಾನ ಎಂಬವನು ಕದ್ದು ತಂದು ಡೇರೆಯ ಕೆಳಗೆ ಹೂತಿಟ್ಟ. ಕಳ್ಳ ಯಾರೆಂದು ತಿಳಿಯಲು ಅವರ ನಾಯಕ ಯೆಹೋಶುವನು ಜನರನ್ನೆಲ್ಲ ನಿಲ್ಲಿಸಿ ಜರಡಿ ಹಿಡಿದ: ಮೊದಲು ಕುಲ, ಆಮೇಲೆ ಗೋತ್ರ, ಆಮೇಲೆ ಮನೆ, ಕೊನೆಗೆ ಮನುಷ್ಯ. ಆಕಾನ ಸಿಕ್ಕಿಬಿದ್ದ. ಜನ ಅವನಿಗೆ ಕಲ್ಲೆಸೆದು ಮೇಲೆ ಕಲ್ಲಿನ ಗುಡ್ಡೆ ಹಾಕಿದರು.

ಅಕ್ಕೋರು ಇದಕ್ಕೂ ಆಟ ಮಾಡಿದ್ದರು. ಆ ದಿನ ಮೂರು ಸ್ಟೀಲ್ ಡಬ್ಬಿಗಳಲ್ಲಿ ಮಡಿಸಿದ ಚೀಟಿಗಳನ್ನು ಮನೆಯಿಂದಲೇ ಬರೆದು ತಂದಿದ್ದರು. ಮುಂಬಯಿಯ ಮಕ್ಕಳಿಗೆ ಇಸ್ರೇಲಿನ ಕುಲಗಳು ಎಲ್ಲಿ ತಿಳಿಯಬೇಕು? ಅವರು ನಮ್ಮನ್ನು ರೈಲಿನ ಲೈನಿನ ಮೇಲೆ ಕುಲ ಮಾಡಿದರು. ವೆಸ್ಟರ್ನ್ ಒಂದು ಕುಲ, ಸೆಂಟ್ರಲ್ ಒಂದು, ಹಾರ್ಬರ್ ಒಂದು. ನಮಗೆ ನಗುವೋ ನಗು. ಮೊದಲ ಡಬ್ಬಿಯಿಂದ ಒಬ್ಬ ಹುಡುಗಿ ಚೀಟಿ ಎತ್ತಿದಳು: ವೆಸ್ಟರ್ನ್. ಸೆಂಟ್ರಲ್, ಹಾರ್ಬರಿನವರು ಕೇಕೆ ಹಾಕಿ ಕೂತುಬಿಟ್ಟರು. ಎರಡನೆಯ ಡಬ್ಬಿಯಲ್ಲಿ ಸ್ಟೇಷನ್ನುಗಳು: ಗೋರೆಗಾಂವ್. ಅಂಧೇರಿ, ಮಲಾಡಿನವರೂ ಕೂತರು. ನಿಂತಿದ್ದು ಮೂವರು. ಮೂರನೆಯ ಡಬ್ಬಿಯ ಚೀಟಿ ಬಿಚ್ಚಿ ಓದಿದರೆ ನನ್ನ ಹೆಸರು.

"ಆಕಾನ ಸಿಕ್ಕ!" ಅಂತ ಯಾರೋ ಕೂಗಿದರು. ನಾನೂ ನಕ್ಕೆ. ಆಟ ತಾನೇ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ ನನ್ನನ್ನು ಅದರೊಳಗೆ ನಿಲ್ಲಿಸಿದರು. ಬುಟ್ಟಿ ತುಂಬ ಕಾಗದದ ಕಲ್ಲುಗಳಿದ್ದವು, ನಾನೇ ತಂದುಕೊಟ್ಟ ಪಟ್ಟಿಗಳನ್ನು ಅಂಟಿನಲ್ಲಿ ಅದ್ದಿ ಉಂಡೆ ಕಟ್ಟಿದವು. ಕೆಲವು ಇನ್ನೂ ಒಣಗಿರಲಿಲ್ಲ. ಮೊದಲ ಕಲ್ಲುಗಳು ನಗುತ್ತ ಬಂದವು. ಆಮೇಲೆ ಒಬ್ಬ ಹುಡುಗ, "ಡಬ್ಬಿ ಎಲ್ಲಿಟ್ಟೀ ಹೇಳ!" ಅಂದ. ಅಲ್ಲಿಂದ ಕಲ್ಲುಗಳ ರೀತಿಯೇ ಬದಲಾಯಿತು. ಗುರಿಯಿಟ್ಟು ಮುಖಕ್ಕೇ ಎಸೆಯತೊಡಗಿದರು. ಕೂದಲಿಗೆ, ರೆಪ್ಪೆಗೆ ಅಂಟು ಮೆತ್ತಿತು. ಪಕ್ಕದ ಚಾಪೆಯ ಮೇಲಿನ ಚಿಕ್ಕ ಮಕ್ಕಳಿಗೂ ಒಂದೊಂದು ಕಲ್ಲು ಕೊಟ್ಟಿದ್ದರು. ನನ್ನ ತಂಗಿಯೂ ಎದ್ದು ಬಂದು ಒಂದು ಎಸೆದು ಚಪ್ಪಾಳೆ ತಟ್ಟಿದಳು. "ಸಾಕು, ಸಾಕು" ಅಂತ ಅಕ್ಕೋರು ಕೂಗುತ್ತಿದ್ದದ್ದು ನೆನಪಿದೆ. ಅಷ್ಟರಲ್ಲಿ ನನ್ನ ಚೀಲ ಯಾರೋ ಬೋರಲು ಹಾಕಿ ಜಾಡಿಸಿದ್ದರು. ಡಬ್ಬಿ ಇರಲಿಲ್ಲ, ಆದರೆ ಅದನ್ನು ಯಾರು ಕೇಳಬೇಕು…

ಚೀಟಿಯಲ್ಲಿ ಬಂದ ಹೆಸರು ದೇವರು ಎತ್ತಿದ ಹೆಸರು ಅಂತ ನಮಗೆ ಹೇಳಿಕೊಟ್ಟವರೂ ಅವರೇ ಅಲ್ಲವೆ? ಮಕ್ಕಳು ನಂಬಿದರು. ಆರಾಧನೆ ಮುಗಿಯುವ ಹೊತ್ತಿಗೆ ಮಕ್ಕಳಿಂದ ತಾಯಂದಿರಿಗೆ, ತಾಯಂದಿರಿಂದ ಕಾಂಪೌಂಡಿಗೆಲ್ಲ ಸುದ್ದಿ ಮುಟ್ಟಿತ್ತು. ಮನೆಗೆ ಹೋಗುವಾಗ ಲೋಕಲಿನಲ್ಲಿ ಅವ್ವ ಸೀರೆಯ ಸೆರಗು ಒದ್ದೆ ಮಾಡಿ ನನ್ನ ಕೂದಲಿನ ಅಂಟು ಬಿಡಿಸುತ್ತ, ಕಿಟಕಿಯ ಕಡೆ ನೋಡುತ್ತಿದ್ದಳು. "ಅವ್ವಾ, ನಾ ತಗೊಂಡಿಲ್ಲವಾ" ಅಂದೆ. "ಗೊತ್ತೈತಿ, ಸುಮ್ನಿರು" ಅಂದಳು. ಆ ಮಾತೊಂದು ನನಗೆ ಸಾಕಿತ್ತು. ವಾರದ ನಡುವೆ ಏನಾಯಿತೋ, ಅವ್ವ ನನ್ನ ಕೂಡ ಸರಿಯಾಗಿ ಮಾತಾಡುವುದನ್ನೇ ಬಿಟ್ಟಳು. ಮುಂದಿನ ಭಾನುವಾರ ಚರ್ಚಿಗೆ ಹೊರಟಾಗ ಅವಳ ಚೀಲದಲ್ಲಿ ಹೊಸ ಸ್ಕೆಚ್ ಪೆನ್ನಿನ ಡಬ್ಬಿ ಇತ್ತು, ಅಂಗಡಿಯಲ್ಲಿ ಸಿಗುವ ಹನ್ನೆರಡು ಬಣ್ಣದ್ದು.

ಅದನ್ನು ಅವಳು ಪಡಸಾಲೆಯ ಮೂಲೆಗೆ ಅಕ್ಕೋರನ್ನು ಕರೆದು ಕೊಟ್ಟಳು. ಇಬ್ಬರೂ ತಗ್ಗಿದ ದನಿಯಲ್ಲಿ ಬಹಳ ಹೊತ್ತು ಮಾತಾಡಿದರು. ಅಕ್ಕೋರು ತಲೆ ಅಲ್ಲಾಡಿಸಿದರು, ಅವ್ವ ಅವರ ಕೈ ಹಿಡಿದುಕೊಂಡಳು. ನಾನು ಬಾಗಿಲಲ್ಲಿ ನಿಂತು ನೋಡುತ್ತಿದ್ದೆ. ಒಂದೇ ಒಂದು ಮಾತಿಗಾಗಿ ಕಾದೆ. "ಬ್ಯಾಡ್ರಿ, ನಿಮ್ಮ ಮಗಳು ಕದ್ದಿಲ್ಲ" ಅಂತ ಅಕ್ಕೋರು ಡಬ್ಬಿ ವಾಪಸ್ಸು ಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಅದನ್ನು ಇಸಿದುಕೊಂಡು ಕಪಾಟಿನಲ್ಲಿಟ್ಟರು. ನನ್ನ ಕಡೆ ತಿರುಗಿ ನೋಡಲಿಲ್ಲ. ಹೊಸ ಡಬ್ಬಿ ನೋಡಿದ ಮಕ್ಕಳಿಗೆ ಇನ್ನೇನು ಬೇಕು? ನಾನು ಕದ್ದಿದ್ದೂ ಖರೆಯಾಯಿತು, ನಮ್ಮವ್ವ ದಂಡ ತೆತ್ತಿದ್ದೂ ಖರೆಯಾಯಿತು. ಅಂದಿನಿಂದ ನನ್ನ ಹೆಸರು ಆಕಾನ. ಮದುವೆಯಾಗಿ ಗಂಡನನ್ನು ಚರ್ಚಿಗೆ ಕರೆದುಕೊಂಡು ಹೋದ ದಿನವೂ ಹಿಂದಿನ ಬೆಂಚಿನಿಂದ ಆ ಹೆಸರು ಕೇಳಿಬಂತು.

ನನ್ನನ್ನು ಸುಟ್ಟದ್ದು ಹೆಸರಲ್ಲ. ಅವ್ವ ನನ್ನನ್ನು ಕಳ್ಳಿ ಅಂತ ನಂಬಿದ್ದಾಳೆ ಎಂಬುದು. "ಗೊತ್ತೈತಿ" ಅಂದವಳು ಒಂದು ವಾರದಲ್ಲಿ ಮನಸ್ಸು ಬದಲಿಸಿದಳಲ್ಲ… ಅದಕ್ಕೆ ಕಾರಣ ಅಕ್ಕೋರೇ ಎಂದು ತೀರ್ಮಾನಿಸಿದೆ. ಹತ್ತು ವರ್ಷದ ಹುಡುಗಿಗೆ ಎಷ್ಟು ಸಾಧ್ಯವೋ ಅಷ್ಟು ಸೇಡು ಅಲ್ಲಿಂದಲೇ ಶುರುವಾಯಿತು. ಪ್ರೆಸ್ಸಿನ ಕಾಗದ ಒಯ್ಯುವುದನ್ನು ನಿಲ್ಲಿಸಿದೆ. ನೋಹನ ನಾವೆಯ ಮೇಲೆ ಬೇಕಂತಲೇ ಕೂತು ಅಪ್ಪಚ್ಚಿ ಮಾಡಿದೆ. ಸಂಸೋನನ ಉಣ್ಣೆಯನ್ನು ಪಾಠಕ್ಕೆ ಮೊದಲೇ ಬೋಳಿಸಿಟ್ಟೆ. ಅವನ ಕೂದಲು ತೆಗೆಸಬೇಕಾದ ದೆಲೀಲಳಿಗೆ ಮಾಡಲು ಕೆಲಸವೇ ಉಳಿಯಲಿಲ್ಲ. ಅಕ್ಕೋರು ಒಂದು ದಿನವೂ ಬೈಯಲಿಲ್ಲ. ಬದಲಿಗೆ ಕ್ರಿಸ್ಮಸ್ ನಾಟಕದಲ್ಲಿ ನನಗೇ ಎಸ್ತೇರ್ ರಾಣಿಯ ಪಾತ್ರ ಕೊಟ್ಟರು. ಜರಿ ಕಾಗದದ ಕಿರೀಟ ಅವರೇ ತಲೆಗೆ ಇಟ್ಟಾಗ ನನಗೆ ಮೈ ಉರಿಯಿತು. ತಪ್ಪು ಮಾಡಿದ ಮನಸ್ಸು ಹೀಗೆ ಲಂಚ ಕೊಡುತ್ತದೆ ಅಂತ ಅಂದುಕೊಂಡೆ.

ಹದಿನೈದನೆಯ ವಯಸ್ಸಿನಲ್ಲಿ ನಿಜ ಗೊತ್ತಾಯಿತು. ಕ್ರಿಸ್ಮಸ್ ಆಟಕ್ಕೆ ಚೀಟಿ ಡಬ್ಬಿ ಹಿಡಿದು ನಿಲ್ಲುವ ಕೆಲಸ ನನ್ನದು. ಕಾಲಿಗೆ ಪೋಲಿಯೋ ಆಗಿದ್ದ ಒಬ್ಬ ಹುಡುಗಿಗೆ ಬಹುಮಾನ ಬಂತು. ಅವಳಿಗೆ ಓಟದ ಆಟದಲ್ಲೆಲ್ಲ ಏನೂ ಸಿಕ್ಕಿರಲಿಲ್ಲ. ಎಲ್ಲರೂ ಕೇಕು ತಿನ್ನಲು ಹೋದ ಮೇಲೆ ಉಳಿದ ಚೀಟಿಗಳನ್ನು ಸುಮ್ಮನೆ ಬಿಚ್ಚಿದೆ. ಇಪ್ಪತ್ತು ಚೀಟಿಯಲ್ಲೂ ಅವಳದೇ ಹೆಸರು. ಅಕ್ಕೋರು ನೋಡಿ ನಕ್ಕರು. "ಒಮ್ಮೊಮ್ಮೆ ದೇವರಿಗೂ ಕೈ ಹಚ್ಚಬೇಕಾಗ್ತದ" ಅಂದರು. ಮರುಕ್ಷಣ ನನ್ನ ಮುಖ ನೋಡಿ ಅವರ ನಗು ಹೋಯಿತು. ಆಕಾನನ ಚೀಟಿಯ ಗುಟ್ಟು ನನಗೆ ಅರ್ಥವಾಗಿದೆ ಎಂದು ಅವರಿಗೂ ಅರ್ಥವಾಯಿತು. ನಾನು ಏನೂ ಕೇಳಲಿಲ್ಲ. ಕೇಳಿದ್ದರೆ ಅಲ್ಲೇ ಮುಗಿದುಹೋಗುತ್ತಿತ್ತು. ನನಗೆ ಮುಗಿಸುವುದು ಬೇಕಾಗಿರಲಿಲ್ಲ. ಸರಿಯಾದ ದಿನ, ಸರಿಯಾದ ಜನ ಕೂಡುವ ತನಕ ಕಾಯುತ್ತೇನೆ ಅಂತ ಅಂದೇ ನಿರ್ಧರಿಸಿದೆ.

ಕಾದೆ. ಅಪ್ಪ ಹೋದ. ಪ್ರೆಸ್ಸು ಮುಚ್ಚಿತು. ಚಾಳು ಬಿದ್ದು ಬಿಲ್ಡಿಂಗ್ ಎದ್ದಿತು, ಅದರಲ್ಲೇ ನಮಗೂ ಒಂದು ಮನೆ ಬಂತು. ತಂಗಿ ಮದುವೆಯಾಗಿ ಪವಾಯಿಗೆ ಹೋದಳು, ಅವ್ವ ನನ್ನ ಹತ್ತಿರ ಉಳಿದಳು. ನಾನು ಸಂಡೇಸ್ಕೂಲಿನ ಕಾರ್ಯದರ್ಶಿಯಾದೆ. ನಾಲ್ಕು ವರ್ಷದ ಹಿಂದೆ ಅಕ್ಕೋರು ಮೊಣಕಾಲು ನೋವೆಂದು ಪಾಠ ಬಿಡುತ್ತೇನೆ ಅಂದಾಗ, ಅವರಿಗೆ ಸನ್ಮಾನ ಮಾಡಬೇಕೆಂದು ಸಭೆ ನಿಶ್ಚಯಿಸಿತು. ಮಕ್ಕಳ ಕಾರ್ಯಕ್ರಮ ನನ್ನ ಜವಾಬ್ದಾರಿ. ಆ ರಾತ್ರಿಯಷ್ಟು ಹಾಯಾಗಿ ನಾನು ಎಂದೂ ನಿದ್ದೆ ಮಾಡಿರಲಿಲ್ಲ.

ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಅವರನ್ನು ಎದುರಿಗೇ ಕುರ್ಚಿಯಲ್ಲಿ ಕೂರಿಸಿದ್ದರು. ಅವ್ವ ಎರಡನೆಯ ಬೆಂಚಿನಲ್ಲಿದ್ದಳು. ನಾನು ಮೈಕ್ ತೆಗೆದುಕೊಂಡು, "ಅಕ್ಕೋರು ನಮಗೆ ಕಲಿಸಿದ ಒಂದು ಆಟ ಈಗ ಅವರಿಗೇ ಆಡಿಸುತ್ತೇವೆ" ಅಂದೆ. ಜನ ಚಪ್ಪಾಳೆ ತಟ್ಟಿದರು. ಮೂರು ಡಬ್ಬಿ ತರಿಸಿದೆ. ಮೊದಲ ಚೀಟಿ, ಸೆಂಟ್ರಲ್. ಎರಡನೆಯದು, ಕಲ್ಯಾಣ. ಅಷ್ಟರಲ್ಲೇ ಅವರ ಮುಖ ಬಿಳುಪೇರಿತ್ತು. ಮೂರನೆಯ ಚೀಟಿಯನ್ನು ಒಬ್ಬ ಪುಟ್ಟ ಹುಡುಗಿ ಅಕ್ಷರ ಕೂಡಿಸಿ ಓದಿದಳು: ಅ-ಕ್ಕೋ-ರು. ಮಕ್ಕಳು ಓ ಎಂದು ಕೂಗಿ, ನಾನು ಮೊದಲೇ ಹೇಳಿಕೊಟ್ಟಂತೆ, ಕಾಗದದ ಕಲ್ಲುಗಳನ್ನು ಎಸೆದರು. ಜನ ನಕ್ಕರು. ಅವರ ಶಾಲಿನ ಮೇಲೆ ಉಂಡೆಗಳು ಬಿದ್ದವು. ನಾನು ನಗು ನಿಲ್ಲುವ ತನಕ ಕಾದೆ.

"ಅಕ್ಕೋರ, ನಾ ಹತ್ತು ವರ್ಷದಾಕಿ ಇದ್ದಾಗ ನೀವು ಹಾಕಿದ ಚೀಟಿಯೊಳಗ ಎಷ್ಟು ಹೆಸರಿದ್ದೂ?"

ಅವರು ಎದ್ದು ನಿಂತರು. "ಒಂದ."

"ಯಾರದು?"

"ನಿಂದು." ಮೈಕ್ ಬೇಕಾಗಲಿಲ್ಲ, ಶಾಲೆಯ ಗಂಟಲು ಅವರದು. "ನೀ ಕದ್ದಿಲ್ಲಂತ ನನಗ ಖಾತ್ರಿ ಇತ್ತು. ಕದ್ದ ಕೂಸು ಅಲ್ಲೇ ಎಲ್ಲೋ ಕೂತಿತ್ತು. ಅದರ ಹೆಸರಽ ಬಂದ್ರ ಅದು ಕೆಟ್ಟುಹೋಗ್ತದಂತ ಹೆದರಿದೆ. ನಿನ್ನ ಹೆಸರು ಬಂದ್ರ ಯಾರೂ ನಂಬೂದಿಲ್ಲ, ಆಟ ನೋಡಿ ಆ ಕೂಸಿಗೆ ತಾನಽ ಬುದ್ಧಿ ಬರ್ತದ, ತಂದು ಇಡ್ತದ ಅಂತ ತಿಳದಿದ್ದೆ. ನನ್ನ ಲೆಕ್ಕ ತಪ್ಪಿತು ಮಗಳ."

"ಹಂಗಾದ್ರ ನಮ್ಮವ್ವ ಹೊಸಾ ಡಬ್ಬಿ ತಂದಾಗ ಯಾಕ ಇಸ್ಕೊಂಡ್ರಿ? ಯಾಕ ಬಾಯಿ ಬಿಡಲಿಲ್ಲ?"

ಮೂವತ್ತು ವರ್ಷ ತಿದ್ದಿ ತೀಡಿದ ಪ್ರಶ್ನೆ ಅದು. ಅವರು ಬಾಯಿ ತೆರೆದರು. ಕಣ್ಣು ಬೆಂಚುಗಳ ಕಡೆ ಹೋಗಿ ಒಂದು ಕಡೆ ನಿಂತಿತು. ಆಮೇಲೆ ತಲೆ ತಗ್ಗಿಸಿ ಎರಡೂ ಕೈ ಜೋಡಿಸಿದರು. "ತಪ್ಪಾತು. ನಂದಽ ತಪ್ಪು" ಅಂದರು. ಹೆಗಲಿನ ಶಾಲು ತೆಗೆದು ಮಡಿಸಿ ಕುರ್ಚಿಯ ಮೇಲಿಟ್ಟು, ಗೋಡೆ ಹಿಡಿದುಕೊಂಡು ಹೊರಗೆ ಹೋದರು. ಯಾರೂ ತಡೆಯಲಿಲ್ಲ. ಯಾರೋ ಹಿರಿಯರು, "ಛೆ, ಕೂಸಿಗೆ ಹಿಂಗ ಮಾಡೂದೇನು" ಅಂದದ್ದು ಕೇಳಿಸಿತು. ಅದನ್ನು ಕೇಳಲೆಂದೇ ನಾನು ಬದುಕಿದ್ದೆನೋ ಏನೋ. ಸುಳ್ಳು ಯಾಕೆ ಹೇಳಲಿ, ಆ ದಿನ ನನಗೆ ಹಬ್ಬ. ಮನೆಗೆ ಬರುವಾಗ ಅವ್ವ ಈಗಾದರೂ ಏನಾದರೂ ಹೇಳುತ್ತಾಳೆಂದು ನೋಡಿದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು.

ಅಕ್ಕೋರು ಮತ್ತೆ ಚರ್ಚಿಗೆ ಬರಲಿಲ್ಲ. ಕಲ್ಯಾಣದ ಮರಾಠಿ ಸಭೆಗೆ ಹೋಗುತ್ತಾರೆ ಅಂತ ಯಾರೋ ಹೇಳಿದರು. ನಾನು ವಿಚಾರಿಸಲಿಲ್ಲ. ಹೋದ ವರ್ಷ ಶ್ರಾವಣದ ಒಂದು ಬೆಳಿಗ್ಗೆ ಅವರು ತೀರಿಕೊಂಡ ಸುದ್ದಿ ಫೋನಿನಲ್ಲಿ ಬಂತು. ಅವ್ವ ನೆಲದ ಮೇಲೆ ಕಾಲು ಚಾಚಿ ಮೆಂತ್ಯೆ ಸೊಪ್ಪು ಸೋಸುತ್ತಿದ್ದಳು.

"ಮಣ್ಣಿಗೆ ಹೋಗಿ ಬಾ" ಅಂದಳು.

"ನಾ ಒಲ್ಲೆ."

"ಹಂಗಾದ್ರ ನನ್ನ ಕರ್ಕೊಂಡು ಹೋಗು. ನನ್ನ ಮಾತು ಉಳಿಸಿದಾಕಿ ಆಕಿ."

ಯಾವ ಮಾತು ಅಂತ ಕೇಳಿದೆ. ಅವಳು ಸೊಪ್ಪಿನ ಕಡ್ಡಿಗಳನ್ನು ಒಂದು ಕಡೆ ಸರಿಸಿ ಹೇಳಿದಳು. ಡಬ್ಬಿ ನಮ್ಮ ಮನೆಯಲ್ಲೇ ಇತ್ತು. ಕಲ್ಲೆಸೆದ ಭಾನುವಾರ ಕಳೆದು ಮೂರನೆಯ ದಿನ, ಟ್ರಂಕು ಸರಿಸಿ ಕಸ ಗುಡಿಸುವಾಗ ಸಿಕ್ಕಿತು. ತಂಗಿ ತಂದು ಬಚ್ಚಿಟ್ಟಿದ್ದಳು. ಎಲ್ಲ ಪೆನ್ನುಗಳ ತುದಿ ನೀರಿನಲ್ಲಿ ಅದ್ದಿ, ಬಣ್ಣದ ನೀರು ಮಾಡಿ ಆಡಿ ಹಾಳು ಮಾಡಿದ್ದಳು. ಅದಕ್ಕೇ ಅವ್ವ ಹೊಸದನ್ನು ಕೊಂಡು ತಂದದ್ದು. ಅಕ್ಕೋರಿಗೆ ನಿಜ ಹೇಳಿದಳಂತೆ. ಅಕ್ಕೋರು, ಈಗಲೇ ಮಕ್ಕಳನ್ನೆಲ್ಲ ಕೂರಿಸಿ ಹೇಳಿಬಿಡುತ್ತೇನೆ, ದೊಡ್ಡ ಹುಡುಗಿಯ ಮೇಲಿನ ಕಳಂಕ ಹೋಗಲಿ ಅಂದರಂತೆ. ಅವ್ವ ಅವರ ಕೈ ಹಿಡಿದು ಆಣೆ ಹಾಕಿಸಿಕೊಂಡಳು. ತಂಗಿಯನ್ನು ಕಾನ್ವೆಂಟ್ ಶಾಲೆಗೆ ಸೇರಿಸಬೇಕಾಗಿತ್ತು, ಅದಕ್ಕೆ ಸಭೆಯಿಂದ ಶಿಫಾರಸು ಪತ್ರ ಬೇಕಾಗಿತ್ತು.

"ಒಬ್ಬಾಕಿ ಹೆಸರು ಹೆಂಗೂ ಕೆಟ್ಟಿತ್ತು" ಅಂದಳು ಅವ್ವ. "ಇನ್ನೊಬ್ಬಾಕಿದೂ ಯಾಕ ಕೆಡಸೂದು ಅಂತ ಬ್ಯಾಡಂದೆ."

ಅವ್ವನಿಗೆ ನಾನು ಕಳ್ಳಿಯಲ್ಲ ಅಂತ ಮೊದಲಿನಿಂದಲೂ ಗೊತ್ತಿತ್ತು. ನಾನು ಇಡೀ ಜನ್ಮ ಬೇಡಿದ್ದು ಅದೊಂದನ್ನೇ. ಅದು ಸಿಕ್ಕಿದ ದಿನ ಅದನ್ನು ಎಲ್ಲಿ ಎಸೆಯಬೇಕೆಂದು ತಿಳಿಯದೆ ನಿಂತೆ. ಸನ್ಮಾನದ ದಿನ ಅಕ್ಕೋರ ಕಣ್ಣು ಬೆಂಚುಗಳಲ್ಲಿ ಯಾರ ಮುಖದ ಮೇಲೆ ನಿಂತಿತ್ತು ಎಂದು ಆಗ ತಿಳಿಯಿತು. ಒಂದು ಮಾತು ಆಡಿದ್ದರೆ ಅವರು ಶಾಲು ಹೊದ್ದುಕೊಂಡೇ ಮನೆಗೆ ಹೋಗಬಹುದಿತ್ತು. ಎರಡನೆಯ ಬೆಂಚಿನಲ್ಲಿ ಕೂತಿದ್ದ ನಮ್ಮವ್ವನೂ ಆ ಮಾತು ಆಡಲಿಲ್ಲ.

ಮಣ್ಣಿಗೆ ಹೋದೆವು. ದಾದರಿನಲ್ಲಿ ಗಾಡಿ ಬದಲಿಸುವಾಗ ಅವ್ವ ಕೈ ಚಾಚಿದಳು, ಹಿಡಿದುಕೊಂಡೆ, ಗಾಡಿ ಹತ್ತಿದ ಮೇಲೆ ಬಿಟ್ಟೆ. ಕಲ್ಯಾಣ ಮುಟ್ಟುವ ಹೊತ್ತಿಗೆ ಪೆಟ್ಟಿಗೆಗೆ ಮೊಳೆ ಹೊಡೆದಾಗಿತ್ತು. ಮುಖ ನೋಡಲು ಸಿಗಲಿಲ್ಲ. ಒಂದು ಹಿಡಿ ಮಣ್ಣು ಹಾಕಿದೆ. ಹಸಿಮಣ್ಣು ಉಂಡೆಯಾಗಿ ಬಿದ್ದು ಪೆಟ್ಟಿಗೆಯ ಮೇಲೆ ಸದ್ದಾಯಿತು. ಕೈ ಹಿಂದಕ್ಕೆ ತೆಗೆದುಕೊಂಡೆ, ಇನ್ನೊಂದು ಹಿಡಿ ಹಾಕಲು ಆಗಲಿಲ್ಲ…

ಈಗಲೂ ನಮ್ಮ ಸಭೆಯಲ್ಲಿ ಅವರ ಮಾತು ಬಂದರೆ ಮೊದಲು ನೆನೆಯುವುದು ಆ ಸನ್ಮಾನದ ದಿನವನ್ನೇ. ಕೂಸಿನ ಮೇಲೆ ಕಳ್ಳತನ ಹೊರಿಸಿದ ಅಕ್ಕೋರು. ನಾನು ಕೊಟ್ಟ ಹೆಸರು ಅದು, ಗಟ್ಟಿಯಾಗಿ ಅಂಟಿದೆ. ಬಿಡಿಸಬೇಕೆಂದರೆ ತಂಗಿಯ ಹೆಸರು ಹೇಳಬೇಕು, ಅವ್ವನ ಹೆಸರೂ ಹೇಳಬೇಕು. "ನಾ ಇರೂತನಕ ಬ್ಯಾಡ" ಅಂದಿದ್ದಾಳೆ ಅವ್ವ. ಆ ಮಾತು ಉಳಿಸಿಕೊಂಡು ಅಕ್ಕೋರು ಹೋದರು. ನಾನು ಅವರಷ್ಟು ಒಳ್ಳೆಯವಳಲ್ಲ. ನನ್ನ ಸಿಟ್ಟು ಎಲ್ಲೂ ಹೋಗಿಲ್ಲ, ಯಾರ ಮೇಲೆ ಎಂಬುದಷ್ಟೇ ಬದಲಾಗಿದೆ. ಅಕ್ಕೋರಿಗೆ ನಾನು ಮಾಡಿದ್ದಕ್ಕೆ ಕ್ಷಮೆ ಕೇಳಲು ಅವರಿಲ್ಲ. ಹಾಗಾಗಿ ಇದನ್ನು ಬರೆದೆ, ನಮ್ಮ ಸಭೆಯ ಪತ್ರಿಕೆಗೆ ಕೊಡುತ್ತೇನೆ.

ಕೊಡುವ ಮೊದಲು ಇವತ್ತು ಮಧ್ಯಾಹ್ನ ಅವ್ವನಿಗೆ ಪೂರ್ತಿ ಓದಿ ಹೇಳಿದೆ. ಅವಳಿಗೆ ಕಣ್ಣು ಮಂಜು, ಕಿವಿ ಚುರುಕಾಗಿದೆ. ಅಳುತ್ತಾಳೆ ಅಂದುಕೊಂಡಿದ್ದೆ. ಬೈಯುತ್ತಾಳೆ ಅಂತಲೂ ಅಂದುಕೊಂಡಿದ್ದೆ. ನಾನು ಹಾಳೆ ಮಡಿಸಿದ ಮೇಲೆ ಸಮಾಧಾನದ ಉಸಿರು ಬಿಟ್ಟು, "ಇರಲಿ ಬಿಡು. ನಿನ್ನ ತಂಗಿಗೆ ಕನ್ನಡಾ ಓದಾಕ ಬರೂದಿಲ್ಲ" ಅಂದಳು.

ಹೌದು, ಆ ಕಾನ್ವೆಂಟಿನಲ್ಲಿ ಕನ್ನಡ ಕಲಿಸುತ್ತಿರಲಿಲ್ಲ. ಆದರೆ ಹೇಳಿದರೆ ಅವಳಿಗೆ ಎಲ್ಲ ಅರ್ಥವಾಗುತ್ತದೆ. ಬರುವ ಭಾನುವಾರ ಅವಳು ಪವಾಯಿಯಿಂದ ಊಟಕ್ಕೆ ಬರುತ್ತಾಳೆ. ನಾನೇ ಓದಿ ಹೇಳುತ್ತೇನೆ.